ಮೆಣಸಿನಕಾಯಿ ಒಣಗಿಸಿದ ಕೌದಿ

ನಮ್ಮ ಕ್ರೈಸ್ತ ಸಭೆಯ ಮಹಿಳಾ ಸಂಘದವರು ಶನಿವಾರ ಮಧ್ಯಾಹ್ನ ಆರಾಧನಾಲಯದ ಪಕ್ಕದ ಕೋಣೆಯಲ್ಲಿ ಜಮಖಾನೆ ಹಾಸಿಕೊಂಡು ಕೌದಿ ಹೊಲಿಯಲು ಆರಂಭಿಸಿ ಈಗ ಆರು ವರ್ಷವಾಯಿತು. ಹನ್ನೊಂದು ಜನರಿದ್ದೇವೆ. ಬೀದರ್ ಎತ್ತರದ ಪ್ರಸ್ಥಭೂಮಿಯ ಮೇಲಿರುವ ಊರಾದ್ದರಿಂದ ಡಿಸೆಂಬರ್, ಜನವರಿಯ ಚಳಿ ಇಲ್ಲಿ ಬಲವಾಗಿಯೇ ಇರುತ್ತದೆ. ಕೆಲವು ರಾತ್ರಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ದೀಕ್ಷಾಸ್ನಾನಕ್ಕೆ ತರುವ ಕೂಸಿಗೆ, ಮದುವೆಯಾದ ಜೋಡಿಗೆ, ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಒಂದೊಂದು ಕೌದಿ ಹೊಲಿದುಕೊಡಬೇಕೆಂದು ನಾವು ಹೊರಟಿದ್ದು ಈ ಚಳಿಯ ಕಾರಣಕ್ಕೆ. ತಿಂಗಳ ಕೊನೆಯ ಶನಿವಾರ ಮಾತ್ರ ಯಾರೂ ಸೂಜಿ ಹಿಡಿಯುವುದಿಲ್ಲ. ಮನೆಯಲ್ಲಿ ಹೊಲಿದದ್ದನ್ನು ತಂದು ಬೆಂಚುಗಳ ಮೇಲೆ ಹಾಸಿ, ಒಬ್ಬರದನ್ನೊಬ್ಬರು ತಿರುಗಿಸಿ ಮುರುಗಿಸಿ ನೋಡುವ ದಿನ ಅದು. ಮೇಲ್ಮೈ ಹೊಗಳಿ, ಮೆಲ್ಲಗೆ ಹಿಂಬದಿಯ ಟಾಕಿ, ಅಂದರೆ ಹೊಲಿಗೆ, ಪರೀಕ್ಷಿಸುವುದು ನಮ್ಮೆಲ್ಲರಿಗೂ ಇರುವ ಚಟ.

ಕೌದಿಗೆ ನಮ್ಮ ಜಿಲ್ಲೆಯ ತೆಲುಗು ಗಡಿಯ ಕಡೆ ಬೊಂತೆ ಎಂದೂ, ಮರಾಠಿ ಮಾತಾಡುವ ಮನೆಗಳಲ್ಲಿ ಗೋಧಡಿ ಎಂದೂ ಹೇಳುತ್ತಾರೆ. ಹೆಸರು ಯಾವುದಾದರೂ ಕೆಲಸ ಒಂದೇ: ಕೆಳಗೊಂದು ಇಡೀ ಹತ್ತಿ ಸೀರೆ, ನಡುವೆ ಸವೆದ ಧೋತರ, ಲುಂಗಿ, ಹಾಸಿಗೆ ಬಟ್ಟೆಗಳ ಎರಡು ಮೂರು ಪದರು, ಮೇಲೆ ಬಣ್ಣಬಣ್ಣದ ತುಂಡುಗಳು, ಇವೆಲ್ಲವನ್ನೂ ಸೇರಿಸಿ ಅಂಚಿನಿಂದ ಅಂಚಿಗೆ ಸಾಲುಸಾಲಾಗಿ ಓಡುವ ದಾರ. ನಮ್ಮಲ್ಲಿನ ಮೊದಲ ಜಗಳ ಈ ಸಾಲು ಎಲ್ಲಿಂದ ಶುರುವಾಗಬೇಕು ಎಂಬುದರ ಬಗ್ಗೆಯೇ ನಡೆಯಿತು. ಯೂಟ್ಯೂಬಿನಲ್ಲಿ ವಿದೇಶದ ಕ್ವಿಲ್ಟ್ ನೋಡಿ ಕಲಿತ ನಮ್ಮ ಸೊಸೆಯಂದಿರು ನಡುವಿನಿಂದ ಹೊರಗೆ ಹೊಲಿಯಬೇಕು, ಆಗ ಬಟ್ಟೆಯ ಸಡಿಲೆಲ್ಲ ಅಂಚಿಗೆ ಹೋಗಿಬಿಡುತ್ತದೆ ಎಂದರು. ಎಪ್ಪತ್ತು ದಾಟಿದ ನಮ್ಮ ಆಯಿ ಮೂಲೆಯಲ್ಲಿ ಗಂಟು ಹಾಕಿ, ಅಂಚು ಹಿಡಿದು ಸುತ್ತುತ್ತಾ ಒಳಗೆ ಬರುವವರು. "ತಂಗಿ, ನಡುವಿಂದ ಹೊಲದ್ರ ಅಂಚು ಎಲ್ಲಿಗಿ ಹೋಗ್ತದ ಯಾರಿಗಿ ಗೊತ್ತದ?" ಎಂದು ಅವರು ಕನ್ನಡಕದ ಮೇಲಿನಿಂದ ನೋಡಿ ಕೇಳಿದಾಗ ಯಾರ ಬಳಿಯೂ ಉತ್ತರವಿರಲಿಲ್ಲ. ಆದರೆ ಅಂಚಿನಿಂದ ಬಂದರೆ ಸಡಿಲೆಲ್ಲ ನಡುವೆ ಸೇರಿ ಹೋಳಿಗೆಯಂತೆ ಉಬ್ಬುವ ಅಪಾಯ ನಿಜವಾಗಿಯೂ ಇದೆ. ಆಯಿಯ ಕೌದಿ ಏಕೆ ಉಬ್ಬುವುದಿಲ್ಲವೆಂದು ಪಕ್ಕದಲ್ಲಿ ಕುಳಿತು ನೋಡಿದೆ. ಅವರು ಮೊದಲೇ ಗೇಣು ಗೇಣು ದೂರಕ್ಕೆ ಉದ್ದನೆಯ ಕಚ್ಚಾ ಟಾಕಿ ಹಾಕಿ ಪದರುಗಳನ್ನೆಲ್ಲ ಕೂಡಿಸಿರುತ್ತಾರೆ. ಆಮೇಲೆ ಪ್ರತಿ ಸಾಲು ಮುಗಿದೊಡನೆ ಎಡಗೈಯ ಅಂಗೈಯಿಂದ ಬಟ್ಟೆಯನ್ನು ಎದುರಿನ ಅಂಚಿನ ಕಡೆಗೆ ಒಮ್ಮೆ ಸವರುತ್ತಾರೆ. ಆ ಸವರುವಿಕೆಯನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ, ಏಕೆಂದರೆ ತಾವು ಹಾಗೆ ಮಾಡುತ್ತಿರುವುದು ಅವರಿಗೇ ತಿಳಿದಿರಲಿಲ್ಲ.

ಉತ್ತರ ಕನ್ನಡದ ಸಿದ್ದಿ ಮಹಿಳೆಯರೂ ಅಂಚಿನಿಂದಲೇ ಒಳಗೆ ಬರುತ್ತಾರೆ. ಮೂಲೆಗಳಿಗೆ ಮಡಚಿದ ಸಣ್ಣ ತ್ರಿಕೋನದ ತುಂಡುಗಳನ್ನು ಹೊಲಿದು ಅವನ್ನು ಹೂವು ಎನ್ನುತ್ತಾರೆ. ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬತ್ತಲೆ. ಕ್ರೈಸ್ತ ಸಿದ್ದಿಯರ ಕೆಲವು ಕೌದಿಗಳಲ್ಲಿ ಶಿಲುಬೆಯೂ ಇರುತ್ತದೆ. ನಾವು ಶಿಲುಬೆ ಹಾಕಲಿಲ್ಲ, ಹೂವನ್ನು ಮಾತ್ರ ಕಡ ತಂದೆವು.

ಇನ್ನು ನನ್ನ ತಪ್ಪುಗಳ ವಿಷಯ. ಮೊದಲನೆಯ ವರ್ಷ ಬಿಳಿ ಧೋತರದ ಪಕ್ಕಕ್ಕೆ ಕೆಂಪು ಖಣದ ತುಂಡು ಇಟ್ಟು ಹೊಲಿದು ಕೊಟ್ಟೆ, ಒಂದೇ ಒಗೆತಕ್ಕೆ ಇಡೀ ಕೌದಿ ಗುಲಾಬಿಯಾಯಿತು. ಅಂದಿನಿಂದ ಕೆಂಪು, ನೀಲಿ ಬಟ್ಟೆ ಯಾವುದೇ ಬರಲಿ, ಒಂದು ರಾತ್ರಿ ಬಕೆಟ್ಟಿನಲ್ಲಿ ನೆನೆಯದೆ ಸೂಜಿಯ ಹತ್ತಿರ ಬರುವುದಿಲ್ಲ.

ಎರಡನೆಯದು ಒಗೆದು ಹೋಗುವ ತಪ್ಪಾಗಿರಲಿಲ್ಲ. ನಮ್ಮ ಓಣಿಯ ಒಬ್ಬ ಬಾಣಂತಿಗೆ ನಾವೆಲ್ಲ ಸೇರಿ ಹೊಲಿದ ಕೌದಿಯನ್ನು ನಾನೇ ಕೊಂಡೊಯ್ದು ಕೊಟ್ಟಿದ್ದೆ. ಅವರು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡಿದ್ದರು. ಮಾರ್ಚ್ ತಿಂಗಳಲ್ಲಿ ನಮ್ಮ ಮಾಳಿಗೆ ಹತ್ತಿ ನೋಡುತ್ತೇನೆ, ಅವರ ಮಾಳಿಗೆಯ ಮೇಲೆ ಅದೇ ಕೌದಿ ಹಾಸಿ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ನಾಲ್ಕು ಮೂಲೆಗಳ ಹೂವು ಮಾತ್ರ ಮೆಣಸಿನಕಾಯಿಯ ರಾಶಿಯಿಂದ ಹೊರಗೆ ಇಣುಕುತ್ತಿದ್ದವು. ಎರಡು ದಿನ ನನಗೆ ಊಟ ಸೇರಲಿಲ್ಲ. ಆಮೇಲೆ ಯೋಚಿಸಿದೆ. ನಮ್ಮ ಕಡೆ ಕೂಸನ್ನು ಹೊಸ ಬಟ್ಟೆಗಿಂತ ಮೊದಲು ಹಳೆಯ ಮೆತ್ತನೆಯ ಬಟ್ಟೆಯಲ್ಲಿಯೇ ಸುತ್ತುತ್ತೇವೆ, ಆದರೆ ಅದು ಅಜ್ಜಿಯ ಸೀರೆಯಾಗಿರುತ್ತದೆ. ಅಜ್ಜಿ ಉಟ್ಟು ಸವೆಸಿದ್ದು ಆಶೀರ್ವಾದವಾದರೆ, ಯಾರೋ ಉಟ್ಟು ಬಿಟ್ಟಿದ್ದು ದಾನದ ಬಟ್ಟೆಯಾಗುತ್ತದೆ. ಸತ್ತವರದೋ ರೋಗಿಗಳದೋ ಎಂಬ ಅನುಮಾನ ಬೇರೆ. ಆ ತಾಯಿ ಯಾರನ್ನೂ ನೋಯಿಸದೆ, ಕೂಸಿನಿಂದ ದೂರವಿಟ್ಟು ಅದಕ್ಕೊಂದು ಉಪಯೋಗ ಹುಡುಕಿದ್ದರು ಅಷ್ಟೆ.

ಹೊಸ ಬಟ್ಟೆಯನ್ನೇ ಕೊಂಡು ಹೊಲಿಯೋಣ ಎಂದು ಸಂಘದಲ್ಲಿ ಕೆಲವರು ಹೇಳಿದರು. ಹೊಸ ಹತ್ತಿ ಬಿರುಸು, ಖರ್ಚೂ ಹೆಚ್ಚು; ಬಹಳ ಸಲ ಒಗೆದ ಸೀರೆಯ ಮೆತುವು ಅದಕ್ಕೆ ಎಲ್ಲಿಂದ ಬರಬೇಕು? ನಾನು ಬೇರೆ ಮಾತು ಹೇಳಿದೆ: ಪಡೆಯುವವರ ಮನೆಯಿಂದಲೇ ಒಂದು ಸೀರೆಯನ್ನೋ ಧೋತರವನ್ನೋ ಕೇಳಿ ಪಡೆಯೋಣ, ಮೈಗೆ ತಾಗುವ ಪದರು ಅವರದೇ ಆಗಿರಲಿ, ಉಳಿದ ಬಟ್ಟೆಯೂ ಟಾಕಿಯೂ ನಮ್ಮದು. ಕೇಳುವುದು ಭಿಕ್ಷೆಯಂತಲ್ಲವೇ ಎಂದು ಒಬ್ಬರು ಅನುಮಾನಿಸಿದರು. ಬೈಬಲಿನ ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ ತಬಿಥಾ ತೀರಿಕೊಂಡಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸುವುದು ಆಕೆ ತಮಗೆ ಮಾಡಿಕೊಟ್ಟ ಅಂಗಿಗಳನ್ನು. ಆ ಬಟ್ಟೆ ಎಲ್ಲಿಂದ ಬಂತು ಎಂದು ಅಲ್ಲಿ ಬರೆದಿಲ್ಲ ಎಂದು ಆಯಿ ಹೇಳಿದ ಮೇಲೆ ಚರ್ಚೆ ನಿಂತಿತು. ಸಂಘದ ಹೆಸರನ್ನು ಮೂಲೆಯಲ್ಲಿ ಕಸೂತಿ ಹಾಕುವ ಸಲಹೆಯನ್ನೂ ಅದೇ ದಿನ ಕೈಬಿಟ್ಟೆವು. 19ನೇ ಶತಮಾನದಲ್ಲಿ ಅಮೆರಿಕದ ಚರ್ಚುಗಳ ಮಹಿಳೆಯರು ಒಂದೊಂದು ಹೆಸರಿಗೆ ಸ್ವಲ್ಪ ಹಣ ಪಡೆದು ಕ್ವಿಲ್ಟಿನ ಮೇಲೆ ಬರೆದು ನಿಧಿ ಕೂಡಿಸುತ್ತಿದ್ದರಂತೆ; ನಿಧಿಗೆ ಅದು ಸರಿ, ಹೊದ್ದು ಮಲಗುವವರ ಎದೆಯ ಮೇಲೆ ನಮ್ಮ ಹೆಸರೇಕೆ?

ಈಗ ಕೈಯಲ್ಲಿರುವುದು ಮುಂದಿನ ತಿಂಗಳ ಮದುವೆಯ ಕೌದಿ. ಮದುಮಗಳ ಅಜ್ಜಿ ತಮ್ಮ ಒಂಬತ್ತು ಗಜದ ಇಳಕಲ್ ಸೀರೆ ಕಳುಹಿಸಿದ್ದಾರೆ. ಜೊತೆಗೆ ಒಂದು ಷರತ್ತು: ಸೀರೆಗೆ ಕತ್ತರಿ ತಾಗಬಾರದು. ಮೊದಲು ಗಾಬರಿಯಾಯಿತು. ಬಳಿಕ ಅಳೆದು ನೋಡಿದರೆ ಒಂಬತ್ತು ಗಜವೆಂದರೆ ಎಂಟು ಮೀಟರಿಗಿಂತ ತುಸು ಹೆಚ್ಚು. ನಾಲ್ಕು ಮಡಿಕೆ ಹಾಕಿದರೆ ಒಂದೊಂದು ಮಡಿಕೆ ಎರಡು ಮೀಟರ್, ಅಗಲ ಸೀರೆಯದೇ ಸುಮಾರು ನಾಲ್ಕು ಅಡಿ. ಒಬ್ಬರಿಗೆ ಹೊದೆಯುವ ಕೌದಿಯ ಅಳತೆ ಸರಿಯಾಗಿ ಅಷ್ಟೆ! ಸೆರಗು ಮೇಲ್ಗಡೆ, ತಲೆಯ ಕಡೆಗೆ ಬರುವಂತೆ ಮಡಚಿ ಕಚ್ಚಾ ಟಾಕಿ ಹಾಕುವುದೆಂದು ಆಯಿ ಲೆಕ್ಕ ಹೇಳಿದ್ದಾರೆ. ಇಬ್ಬರು ಹೊದೆಯುವುದು ಹೇಗೆ ಎಂದು ಕೇಳಿದವರಿಗೆ, ಮದುಮಗನ ಮನೆಯಿಂದಲೂ ಒಂದು ಸೀರೆ ಬರಲಿ ಎಂದಿದ್ದಾರೆ. ಸೆರಗು ಕೆಂಪಿನದಾದ್ದರಿಂದ ನಿನ್ನೆ ರಾತ್ರಿಯೇ ನೆನೆಹಾಕಿದ್ದೆ. ಬೆಳಿಗ್ಗೆ ಎದ್ದವಳೇ ಹೋಗಿ ನೋಡಿದೆ, ಬಕೆಟ್ಟಿನ ನೀರು ತಿಳಿಯಾಗಿಯೇ ಇತ್ತು.