ಒಂದೇ ವಾಕ್ಯದಲ್ಲಿ ಎಷ್ಟು ತಪ್ಪು

ಶ್ರೀರಂಗಪಟ್ಟಣದಲ್ಲಿ ಪ್ರವಾಸಿ ಮಾರ್ಗದರ್ಶಿಯಾಗಿ ಸೇರಿದ ಮೊದಲ ಕೆಲವು ವರ್ಷ ನಾನು ಗ್ಯಾರಿಸನ್ ಸ್ಮಶಾನವನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ: "1799ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದು ಸತ್ತ ಇಂಗ್ಲಿಷರ ಗೋರಿಗಳಿವು." ದರಿಯಾ ದೌಲತ್, ಗುಂಬಜ್, ಸಂಗಮ ಎಲ್ಲವನ್ನೂ ಅರ್ಧ ದಿನದಲ್ಲಿ ತೋರಿಸಬೇಕಾದವನಿಗೆ ಹೆಚ್ಚು ಹೇಳುವ ವ್ಯವಧಾನವಿರಲಿಲ್ಲ, ನಿಜ ಹೇಳಬೇಕೆಂದರೆ, ತಿಳಿವಳಿಕೆಯೂ ಇರಲಿಲ್ಲ. ಒಮ್ಮೆ ಮಂಡ್ಯದ ನಿವೃತ್ತ ಮೇಷ್ಟ್ರೊಬ್ಬರು ಒಂದು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಪಾಚಿಯನ್ನು ಬೆರಳಿನಿಂದ ಸರಿಸುತ್ತ ಅಕ್ಷರ ಕೂಡಿಸಿ ಓದಿ, "ಅಲ್ಲಪ್ಪಾ, ಡಿ ಮ್ಯೂರಾನ್ ರೆಜಿಮೆಂಟ್ ಅಂತಿದೆಯಲ್ಲ, ಇದು ಇಂಗ್ಲಿಷರ ಹೆಸರೇ?" ಎಂದರು. "ಯಾರೋ ಅಧಿಕಾರಿಯ ಹೆಸರಿರಬೇಕು ಸಾರ್" ಎಂದು ಜಾರಿಕೊಂಡೆ.

ಅಧಿಕಾರಿಯ ಹೆಸರೇ ಹೌದು, ಆದರೆ ಇಂಗ್ಲಿಷ್ ಅಧಿಕಾರಿಯದಲ್ಲ. ಶಾರ್ಲ್ ಡೇನಿಯಲ್ ಡಿ ಮ್ಯೂರಾನ್ ಈಗಿನ ಸ್ವಿಟ್ಜರ್ಲೆಂಡಿನ ನೂಶಾಟೆಲ್‌ನವನು. ಅವನು 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಈ ಕಾಲಾಳು ಪಡೆಯನ್ನು ಕಟ್ಟಿದಾಗ ಆ ಊರಿನ ಒಡೆತನವಿದ್ದದ್ದು ಪ್ರಷ್ಯದ ದೊರೆಯ ಕೈಯಲ್ಲಿ. ಸ್ವಿಸ್ಸರ ಜೊತೆಗೆ ಜರ್ಮನರೂ ಫ್ರೆಂಚರೂ ಸೇರಿದ್ದ ಪಡೆ ಮೊದಲು ಆಫ್ರಿಕದ ಕೇಪ್‌ನಲ್ಲಿ, ಆಮೇಲೆ ಸಿಲೋನಿನಲ್ಲಿ ಡಚ್ಚರ ಕೋಟೆಗಳನ್ನು ಕಾಯಿತು. 1795ರಲ್ಲಿ ಹಾಲೆಂಡ್ ಫ್ರೆಂಚರ ಹಿಡಿತಕ್ಕೆ ಬಿದ್ದಾಗ, ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟಿಷ್ ಪ್ರಾಧ್ಯಾಪಕ ಬ್ರಿಟಿಷರ ಪರವಾಗಿ ನೂಶಾಟೆಲ್‌ಗೆ ಹೋಗಿ, ಡಚ್ಚರು ಉಳಿಸಿಕೊಂಡಿದ್ದ ಬಾಕಿ ಸಂಬಳವನ್ನು ತೀರಿಸುವ ಮಾತುಕೊಟ್ಟು, ಇಡೀ ರೆಜಿಮೆಂಟನ್ನೇ ಬ್ರಿಟಿಷ್ ಸೇವೆಗೆ ತಿರುಗಿಸಿಕೊಂಡ. ಕೊಲಂಬೊದಲ್ಲಿದ್ದ ಡಿ ಮ್ಯೂರಾನನ ತಮ್ಮನಿಗೆ ಈ ಸುದ್ದಿಯ ಕಾಗದವನ್ನು ಚೀಸ್ ಗಡ್ಡೆಯೊಳಗೆ ಅಡಗಿಸಿ ಕಳುಹಿಸಿದರೆಂಬ ಕಥೆಯೊಂದಿದೆ. ಪ್ರವಾಸಿಗರಿಗೆ ಇದೇ ಬಹಳ ಇಷ್ಟ, ಆದರೆ ನಾನು ಕಥೆಯೆಂದೇ ಹೇಳುತ್ತೇನೆ.

'1799ರಲ್ಲಿ' ಎಂಬ ಮಾತೂ ಪೂರ್ತಿ ನಿಲ್ಲಲಿಲ್ಲ. ಆ ವರ್ಷದ ಮೇ 4ರ ಮಧ್ಯಾಹ್ನ ಕಾವೇರಿಯನ್ನು ದಾಟಿ ಕೋಟೆಗೆ ನುಗ್ಗಿದ ಸೈನ್ಯದಲ್ಲಿ ಈ ರೆಜಿಮೆಂಟಿನ ತುಕಡಿಗಳಿದ್ದದ್ದು ನಿಜ. ಆದರೆ ಕೋಟೆ ಬಿದ್ದ ಬಳಿಕವೂ ಪಟ್ಟಣದಲ್ಲಿ ದಂಡು ಉಳಿಯಿತು, ಸ್ಮಶಾನದ ಹಲವು ಕಲ್ಲುಗಳು ಆ ಕಾವಲಿನ ವರ್ಷಗಳವು. 'ದಂಡೆತ್ತಿ ಬಂದು' ಎಂಬುದನ್ನಂತೂ ಅಲ್ಲಿ ಮಲಗಿರುವ ಹೆಂಗಸರಿಗೂ ಕೂಸುಗಳಿಗೂ ಅನ್ವಯಿಸುವಂತೆಯೇ ಇಲ್ಲ. ಪಟ್ಟಣದ ಜ್ವರ ಎಷ್ಟು ಕಾಡಿತೆಂದರೆ, ಬ್ರಿಟಿಷರು 1809ರ ಹೊತ್ತಿಗೆ ದಂಡನ್ನು ಬೆಂಗಳೂರಿಗೇ ಎತ್ತಿಕೊಂಡು ಹೋದರು.

ಅಷ್ಟರಲ್ಲಿ ಡಿ ಮ್ಯೂರಾನ್ ಪಡೆ ಇಲ್ಲಿರಲಿಲ್ಲ. 1806ರಲ್ಲಿ ಭಾರತವನ್ನು ಬಿಟ್ಟ ಅದು ಮೆಡಿಟರೇನಿಯನ್ನಿನಲ್ಲಿ ಕೆಲವು ವರ್ಷ ಕಳೆದು, 1813ರಲ್ಲಿ ಅಮೆರಿಕದ ವಿರುದ್ಧದ ಯುದ್ಧಕ್ಕೆಂದು ಕೆನಡಾಕ್ಕೆ ಹೋಗಿ, 1816ರಲ್ಲಿ ಅಲ್ಲಿಯೇ ವಿಸರ್ಜನೆಗೊಂಡಿತು. ಕೆಲಸವಿಲ್ಲದೆ ಉಳಿದ ಕೆಲವರನ್ನು ಲಾರ್ಡ್ ಸೆಲ್‌ಕರ್ಕ್ ಕೆನಡಾದಲ್ಲೇ ತಾನು ನೆಲೆಗೊಳಿಸಿದ್ದ ರೆಡ್ ರಿವರ್ ವಸಾಹತಿನ ಕಾವಲಿಗೆ ಕರೆದೊಯ್ದ. 1826ರ ಪ್ರವಾಹದ ನಂತರ ಅವರಲ್ಲಿ ಬಹಳಷ್ಟು ಮಂದಿ ಅಲ್ಲಿಂದಲೂ ಚದುರಿದರು.

ಈಗ ಗುಂಪನ್ನು ಸ್ಮಶಾನಕ್ಕೆ ಕರೆದೊಯ್ದಾಗ ಮೊದಲು ಕಲ್ಲನ್ನು ಓದಿಸುತ್ತೇನೆ, ನನ್ನ ಮಾತು ಆಮೇಲೆ. ಹತ್ತು ನಿಮಿಷದ ಜಾಗಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಹೊರಗೆ ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುತ್ತಿರುತ್ತಾನೆ.