ಡೇಟಾಶೀಟಿನ ಸಣ್ಣ ಪದಗಳು

ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಡಿಪ್ಲೊಮಾಕ್ಕೆ ಬರುವ ಮಕ್ಕಳು ತಾಂತ್ರಿಕ ಪದಗಳಲ್ಲಿಯೇ ಎಡವುತ್ತಾರೆಂದು ನಂಬಿ, ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ನಾನು ಹಲವು ವರ್ಷ ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ಪದಪಟ್ಟಿ ಬರೆಸುತ್ತಿದ್ದೆ. ಆ ನಂಬಿಕೆ ಕದಲಿದ್ದು ಲ್ಯಾಬಿನಲ್ಲಿ.

ಒಬ್ಬ ಹುಡುಗ, ಸ್ಥಿರವಾಗಿ 5 ವೋಲ್ಟ್ ಕೊಡುವ 7805 ರೆಗ್ಯುಲೇಟರಿಗೆ 30 ವೋಲ್ಟ್ ಕೊಟ್ಟು, ಶಾಖ ಹೊರಹಾಕುವ ಹೀಟ್‌ಸಿಂಕ್ ಇಲ್ಲದೆಯೇ 10 ಓಮ್‌ನ ಲೋಡ್ ಜೋಡಿಸಿದ್ದ. ಅರ್ಧ ಆಂಪಿಯರ್ ಹರಿದಾಗ ಆ ಪುಟ್ಟ ಬಿಡಿಭಾಗದೊಳಗೆ 12.5 ವ್ಯಾಟ್ ಶಾಖವಾಗುತ್ತದೆ. ಅದು ಮುಟ್ಟಲಾಗದಷ್ಟು ಕಾದು, ತನ್ನನ್ನು ಕಾಪಾಡಿಕೊಳ್ಳಲು ಔಟ್‌ಪುಟ್ಟನ್ನೇ ಇಳಿಸಿತು. ‘ಮ್ಯಾಕ್ಸಿಮಮ್ 35 ಅಂತ ಇದೆಯಲ್ಲ ಸರ್’ ಎಂದು ಅವನು ತಯಾರಕರ ಮಾಹಿತಿಪತ್ರವಾದ ಡೇಟಾಶೀಟಿನ ‘ಅಬ್ಸೊಲ್ಯೂಟ್ ಮ್ಯಾಕ್ಸಿಮಮ್ ರೇಟಿಂಗ್ಸ್’ (ಎಂದೂ ಮೀರಬಾರದ ಮಿತಿಗಳು) ಕೋಷ್ಟಕ ತೋರಿಸಿದ. ವೋಲ್ಟೇಜ್, ಕರೆಂಟ್, ಇನ್‌ಪುಟ್ ಎಲ್ಲವೂ ಅವನಿಗೆ ಚೆನ್ನಾಗಿಯೇ ಗೊತ್ತಿದ್ದವು. ಅಂಥ ಕೋಷ್ಟಕಗಳ ಅಡಿಯಲ್ಲಿ ಸಾಮಾನ್ಯವಾಗಿ ಇರುವ, ಈ ಮಿತಿ ಮೀರಿದರೆ ಶಾಶ್ವತ ಹಾನಿಯಾಗಬಹುದು ಎಂಬ ವಾಕ್ಯದಲ್ಲಿನ ‘ಮೇ’ ಎಂಬ ಪದವನ್ನು ಮಾತ್ರ ಅವನು, 35ರವರೆಗೆ ಎಷ್ಟಾದರೂ ಕೊಡಬಹುದೆಂಬ ಅನುಮತಿಯೆಂದು ಓದಿಕೊಂಡಿದ್ದ.

ನಮ್ಮ ‘ಬಹುದು’ ಕೂಡ ಹೀಗೆಯೇ ಎರಡು ಕೆಲಸ ಮಾಡುತ್ತದೆ: ‘ನೀನು ಒಳಗೆ ಬರಬಹುದು’ ಎಂದರೆ ಅನುಮತಿ, ‘ಇಂದು ಮಳೆ ಬರಬಹುದು’ ಎಂದರೆ ಸಂಭವ. ಇದನ್ನು ಹೇಳಿದ ಕೂಡಲೇ ಅವನ ಮುಖ ತಿಳಿಯಾಯಿತು. ಇಂಗ್ಲಿಷ್ ಓದಲು ಬೇಕಾದ ಸಾಧನ ಅವನ ಮನೆಮಾತಿನಲ್ಲೇ ಇದ್ದರೂ ನಾನು ಅದನ್ನು ಬಳಸಿರಲಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಸಿವಿಲ್ ವಿಭಾಗದ ಮಕ್ಕಳಿಗೂ ಇದೇ ತೊಡಕು. ಕಾಂಕ್ರೀಟಿನ ಐಎಸ್ 456:2000 ಸಂಹಿತೆಯಲ್ಲಿ ಬರುವ ‘ಶಲ್’ ನಮ್ಮ ಕಾನೂನಿನ ಕನ್ನಡದ ‘ತಕ್ಕದ್ದು’ ಇದ್ದಂತೆ, ತಪ್ಪಿಸುವಂತಿಲ್ಲ. ಕಂಬದ ಉದ್ದ ಸರಳುಗಳ ಕವರ್ (ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) 40 ಮಿಲಿಮೀಟರಿಗಿಂತ ಕಡಿಮೆ ಇರತಕ್ಕದ್ದಲ್ಲ ಎಂಬ ಸಾಮಾನ್ಯ ನಿಯಮವನ್ನು ಅವಸರದಲ್ಲಿ ಓದಿ ‘ನಾಟ್’ ಬಿಟ್ಟರೆ, ಅರ್ಥ ತಲೆಕೆಳಗಾಗುತ್ತದೆ.

ಡಯೋಡಿನ ‘ಮ್ಯಾಕ್ಸಿಮಮ್ ರಿಪಿಟಿಟಿವ್ ಪೀಕ್ ರಿವರ್ಸ್ ವೋಲ್ಟೇಜ್’ನಂಥ ಉದ್ದನೆಯ ಸಾಲಿಗೆ ಹೆದರಬೇಕಿಲ್ಲ, ಕನ್ನಡದಲ್ಲಿರುವಂತೆ ಅಲ್ಲಿಯೂ ಮುಖ್ಯ ನಾಮಪದ ಕೊನೆಗೇ ಬರುತ್ತದೆ. ಕಷ್ಟವಾಗುವುದು ‘ಅನ್‌ಲೆಸ್’, ‘ವಿಚ್’ ಬಂದಾಗ, ಏಕೆಂದರೆ ನಾವು ಮೊದಲು ಹೇಳುವ ಷರತ್ತು, ವಿವರಣೆಗಳು ಇಂಗ್ಲಿಷಿನಲ್ಲಿ ಹೆಚ್ಚಾಗಿ ಆಮೇಲೆ ಬರುತ್ತವೆ.

ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ 2021ರಲ್ಲಿ ದಾರಿ ತೆರೆದದ್ದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೂ ಹೊಸ ಐಸಿಯ (ಚಿಪ್‌ನ) ಡೇಟಾಶೀಟನ್ನು ಹುಡುಗರು ಇಂಗ್ಲಿಷಿನಲ್ಲೇ ಓದಬೇಕಾಗಿದೆ. ಹಾಗಾಗಿ ಈಗ ಪದಪಟ್ಟಿ ನಿಲ್ಲಿಸಿದ್ದೇನೆ. ಪ್ರಯೋಗಕ್ಕೆ ಮೊದಲು ಪ್ರತಿ ತಂಡದಿಂದ ಒಬ್ಬರು ಆ ದಿನದ ಡೇಟಾಶೀಟಿನ ಎಚ್ಚರಿಕೆಯ ಸಾಲುಗಳನ್ನು ತಮ್ಮ ಊರಿನ ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಾರೆ, ಉಳಿದವರು ತಿದ್ದುತ್ತಾರೆ, ಆಮೇಲಷ್ಟೇ ಪವರ್ ಸಪ್ಲೈ ಆನ್ ಮಾಡುತ್ತಾರೆ.