ಸೊಲ್ಲಿಗೆ ಸೊಲ್ಲು ಸೇರುವ ಅಂಗಳಗಳು

ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ಬಲಕ್ಕೆ ಕೂತರೆ ಕಡಲು, ಎಡಕ್ಕೆ ಕೂತರೆ ಘಟ್ಟ. ಹಳೆಯ ಪದಗಳನ್ನು ಕೇಳಲು ಹೊರಟಿದ್ದ ನಾನು ಎಡಕ್ಕೆ ಕೂತೆ. ಹಾಡಿಗೆ ಹೆಸರಾದ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಚ್ಚಿನ ಕೊಪ್ಪಗಳು, ಅಂದರೆ ಕೇರಿಗಳು, ಇರುವುದು ಬೆಟ್ಟದ ಬುಡ ಗದ್ದೆಗೆ ತಾಗುವಲ್ಲಿ. ಅರಗಾ ದಾಟುವಾಗ ನೌಕಾನೆಲೆಯ ಉದ್ದನೆಯ ಗೋಡೆ ಬಂತು. ಸೀಬರ್ಡ್ ಯೋಜನೆಗಾಗಿ ಈ ದಂಡೆಯ ಊರುಗಳು ಎದ್ದುಹೋದಾಗ ಮನೆ, ತೋಟಗಳಿಗೆ ಪರಿಹಾರದ ಲೆಕ್ಕ ಹಾಕಿದ್ದರು. ಅಂಗಳಕ್ಕೆ ಅಂಗಳ ಅಂಟಿಕೊಂಡು ಕೂತು ಪದ ಹೇಳುತ್ತಿದ್ದ ನೆರೆಹೊರೆಯನ್ನು ಯಾವ ಲೆಕ್ಕಕ್ಕೆ ಹಿಡಿಯುವುದು?

ಹೋಳಿ ಹುಣ್ಣಿಮೆ ಹತ್ತಿರ ಬಂದಿತ್ತು. ಅಂಕೋಲೆಯ ಪೇಟೆಯಲ್ಲಿ ಬಿಸಿಲು ಧಗಧಗ ಅನ್ನುತ್ತಿತ್ತು. ಮೀನೂಟ ಮುಗಿಸಿ ಬಡಗೇರಿಯ ಕಡೆ ಹೊರಟೆ. ಸುಕ್ರಿ ಬೊಮ್ಮಗೌಡ ಅವರ ಊರು ಅದು. 2017ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ಸುಕ್ರಜ್ಜಿಯ ಹೆಸರು ಕೇಳಿತು. ಅದಕ್ಕೂ ಎಷ್ಟೋ ಮೊದಲಿನಿಂದ ಉತ್ತರ ಕನ್ನಡ ಜಿಲ್ಲೆಯವರು ಅವರ ಹಾಡನ್ನೂ ಸಾರಾಯಿ ವಿರುದ್ಧದ ಅವರ ಹೋರಾಟವನ್ನೂ ಬಲ್ಲರು. 2025ರ ಫೆಬ್ರವರಿಯಲ್ಲಿ ಅಜ್ಜಿ ತೀರಿಕೊಂಡರು. ತಾಯಿಯಿಂದ ಕಲಿತ ಪದಗಳನ್ನು ಯಾವ ಪುಸ್ತಕವೂ ಇಲ್ಲದೆ ನೆನಪಿನಲ್ಲೇ ಇಟ್ಟುಕೊಂಡಿದ್ದ ಜೀವ ಅದು.

ಅಲ್ಲಿಂದ ಸ್ವಲ್ಪ ದೂರದ ಒಂದು ಕೊಪ್ಪದಲ್ಲಿ, ಕೊರಳ ತುಂಬ ಕರಿಮಣಿ ಸರ ಹಾಕಿಕೊಂಡ ಹಿರಿಯರೊಬ್ಬರು ಜಗಲಿಯಲ್ಲಿ ಕೂತು ಒಣಮೀನು ಆರಿಸುತ್ತಿದ್ದರು. ಗದ್ದೆ ನಾಟಿಯ ಹೊತ್ತಿಗೆ ಹಾಡುವ ನಟ್ಟಿ ಪದ ಹೇಳಿಕೊಡುತ್ತೀರಾ ಅಮ್ಮ ಎಂದೆ. ತಲೆ ಎತ್ತಿ ನನ್ನನ್ನೇ ನೋಡಿದರು.

"ಗದ್ದಿಲ್ದೆ ನಟ್ಟಿ ಪದ ಹೇಳುಕಾತದ್ಯಾ ತಂಗೀ?"

ಒತ್ತಾಯಿಸಲಿಲ್ಲ. ಪಕ್ಕದ ಮನೆಯ ಇಬ್ಬರು ಹೆಂಗಸರು ನೀರು ಹೊತ್ತು ಬಂದವರು ಅಲ್ಲೇ ಕೂತರು. ಮಾತು ಮದುವೆ ಮನೆಗೆ ಹೊರಳಿತು. ಆಮೇಲೆ ಯಾರೂ ಕೇಳದೆ ಹಾಡು ಶುರುವಾಯಿತು. ಒಬ್ಬರು ಸೊಲ್ಲು ಎತ್ತಿದರು. ಉಳಿದಿಬ್ಬರು ಅದೇ ಸೊಲ್ಲನ್ನು ಮರಳಿ ಹೇಳಿದರು. ಅವರು ಹೇಳಿ ಮುಗಿಸುವಷ್ಟರಲ್ಲಿ ಮೊದಲಿನವರ ಬಾಯಲ್ಲಿ ಮುಂದಿನ ಸೊಲ್ಲು ಸಿದ್ಧ. ಹೊರಗಿನ ಕಿವಿಗೆ ಹೇಳಿದ್ದನ್ನೇ ಹೇಳಿದಂತೆ ಕೇಳುತ್ತದೆ. ಹತ್ತಿರ ಕೂತು ಹಾಡುವವರ ಮುಖ ನೋಡಿದಾಗ ತಿಳಿಯಿತು, ಆ ಮರುಹೇಳಿಕೆಯೇ ನೆನಪಿಗೆ ಸಿಗುವ ಬಿಡುವು. ಮುಂದಿನ ಸಾಲು ಹುಡುಕಲು, ಮದುಮಗಳ ಹೆಸರು ಸೇರಿಸಲು, ಬೇಕಾದರೆ ಕಥೆಯನ್ನು ಇನ್ನೊಂದು ದಾರಿಗೆ ತಿರುಗಿಸಲು ಅಷ್ಟು ಹೊತ್ತು ಸಾಕು. ಇಂಥ ಹಾಡನ್ನು ಮೂರು ನಿಮಿಷದ ವಿಡಿಯೊಗೆ ಇಳಿಸುವಾಗ ಎಲ್ಲರೂ ಮೊದಲು ಕತ್ತರಿಸುವುದು ಈ ಮರುಹೇಳಿಕೆಯನ್ನೇ. ಕತ್ತರಿಸಿದ ಮೇಲೆ ಉಳಿಯುವುದು ಒಂದು ರಾಗ, ನಾಲ್ಕು ಸಾಲು. ಅದನ್ನು ಕೇಳಿ ಕಲಿತವರಿಗೆ ಐದನೆಯ ಸಾಲು ಕಟ್ಟುವ ಉಪಾಯ ಸಿಗುವುದಿಲ್ಲ.

ಹೊತ್ತು ಇಳಿಯುವಾಗ ಗುಮಟೆಯ ದನಿ ಕೇಳಿತು. ಸುಗ್ಗಿಯ ಮೇಳ ಬರುತ್ತಿತ್ತು. ತಲೆಯ ಮೇಲೆ ಬಣ್ಣಬಣ್ಣದ ತುರಾಯಿ, ಕೈಯಲ್ಲಿ ಕೋಲು, ಜಾಗಟೆ, ತಾಳ. ಮುಂದೆ ವೇಷ ಹಾಕಿದವರು ಮಕ್ಕಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. ಮನೆಯವರು ಅಂಗಳ ಸಾರಿಸಿ ದೀಪವಿಟ್ಟು ಕಾದಿದ್ದರು. ಮೇಳ ಸುತ್ತು ಹಾಕಿತು, ಹಾಡಿತು, ಕುಣಿಯಿತು, ಮನೆಗೆ ಒಳ್ಳೆಯದಾಗಲಿ ಎಂದು ಹರಸಿ ಮುಂದಿನ ಮನೆಗೆ ನಡೆಯಿತು. ನಾನೂ ಹಿಂದೆ ಹೋದೆ. ಕಾಲು ಸೋತರೂ ಮನಸ್ಸು ಸೋಲಲಿಲ್ಲ. ಕುಣಿತ ಪ್ರತಿ ಅಂಗಳದಲ್ಲೂ ಒಂದೇ ರೀತಿ ಇರುವುದಿಲ್ಲ. ಸಾವಾದ ಮನೆಯ ಮುಂದೆ ಒಂದು ಬಗೆ, ಹೊಸ ಮದುವೆಯಾದ ಮನೆಯ ಮುಂದೆ ಇನ್ನೊಂದು. ನಗರದ ವೇದಿಕೆಯ ಮೇಲೆ ಇದೇ ಕುಣಿತ ನೋಡಿದ್ದೆ. ತುರಾಯಿಯ ಚಂದ ಅಲ್ಲೂ ಇತ್ತು, ಯಾರ ಮನೆಗಾಗಿ ಕುಣಿಯುತ್ತಿದ್ದಾರೆ ಎಂಬುದು ಇರಲಿಲ್ಲ.

ಗುಮಟೆ ಬಾರಿಸುತ್ತಿದ್ದವನು ಕಾಲೇಜು ಹುಡುಗ. ವಾದ್ಯವನ್ನು ನನ್ನ ಕೈಗೆ ಕೊಟ್ಟ. ಎರಡೂ ಕಡೆ ಬಾಯಿ ತೆರೆದ ಮಣ್ಣಿನ ಮಡಕೆ ಅದು. ಅಗಲ ಬಾಯಿಗೆ ಚರ್ಮ ಬಿಗಿದಿರುತ್ತಾರೆ, ಕಿರಿದಾದ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ದನಿಯನ್ನು ಏರಿಳಿಸುತ್ತಾರೆ. ಹಿಂದೆ ಉಡದ ಚರ್ಮವೇ ಬೇಕಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡಕ್ಕೆ ರಕ್ಷಣೆ ಇದೆ, ಈಗ ಆಡಿನ ಚರ್ಮ. ಗೋವಾದವರು 2019ರಲ್ಲಿ ತಮ್ಮ ಘುಮಟವನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿದ್ದಾರೆ, ಅಲ್ಲೂ ಆಡಿನ ಚರ್ಮಕ್ಕೇ ಬಂದಿದ್ದಾರೆ. ದನಿ ತುಸು ಬದಲಾಯಿತು ಎಂದು ಹಿರಿಯರು ಹೇಳುತ್ತಾರೆ. ಹುಡುಗನ ಕಿವಿಗೆ ಇದೇ ಗುಮಟೆಯ ದನಿ. ನನಗೆ ಇದರಲ್ಲಿ ದುಃಖಪಡುವಂಥದ್ದು ಏನೂ ಕಾಣಲಿಲ್ಲ. ಉಡವೂ ಬದುಕಿತು, ಪದವೂ ಬದುಕಿತು.

ಮರುದಿನ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಅಲ್ಲಿಂದ ಶಿರಸಿ ದಾರಿಯಲ್ಲಿ ಮಂಚಿಕೇರಿ. ಕೆಳಗೆ ಕಡಲು ಸೇರುವಾಗ ಗಂಗಾವಳಿ ಎನಿಸಿಕೊಳ್ಳುವ ಹೊಳೆ ಇಲ್ಲಿ ಬೇಡ್ತಿ. ಸಿದ್ದಿಗಳ ಮನೆಗಳು ಕಾಡಿನಂಚಿನಲ್ಲಿವೆ. ಆಫ್ರಿಕಾದಿಂದ ತರಲ್ಪಟ್ಟ ಹಿರೀಕರ ಮಕ್ಕಳು ಇವರು. ಮನೆಮಾತು ಕೊಂಕಣಿ ಬೆರೆತದ್ದು. 2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ತಮ್ಮ ಡೋಲು ಡಮಾಮಿಯನ್ನು ಬಾರಿಸಲು ಶುರುಮಾಡಿದರೆ ಕೂತವರು ಕೂತಲ್ಲಿ ಇರುವುದಿಲ್ಲ. 1980ರ ದಶಕದಲ್ಲಿ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನವರು ಇಲ್ಲಿಯ ಸಿದ್ದಿಗಳ ಜೊತೆ ನಾಟಕ ಕಟ್ಟಿದ್ದರು. ಆ ಬಳಿಕ ಈ ಸಮುದಾಯದಿಂದ ರಂಗಭೂಮಿಗೂ ಸಿನಿಮಾಕ್ಕೂ ಕಲಾವಿದರು ಬಂದರು. ಹೊಸ ಕಾಲದ ಪ್ರೇಕ್ಷಕರ ಮುಂದೆ ಹಾಡು ಇಡುವ ದಾರಿಗಳಲ್ಲಿ ನಾನು ಹೆಚ್ಚು ನಂಬುವುದು ಇದನ್ನು. ಹಾಡುವವರೇ ವೇದಿಕೆಯ ಮೇಲೆ ನಿಂತು, ತಮ್ಮ ಹೆಸರಿನಲ್ಲಿ, ಸಂಭಾವನೆ ಪಡೆದು ಹಾಡಬೇಕು. ರಾಗವನ್ನಷ್ಟೇ ಎತ್ತಿಕೊಂಡು ಹೋಗಿ ಗಿಟಾರ್ ಸೇರಿಸಿ, ಕೊನೆಗೆ 'ಜಾನಪದ' ಎಂದು ಬರೆದು ಮುಗಿಸುವುದನ್ನು ನನ್ನಿಂದ ಒಪ್ಪಲಾಗದು. ಗಿಟಾರ್ ಬರಲಿ. ಸೊಲ್ಲು ಕೊಟ್ಟ ಅಮ್ಮನ ಹೆಸರೂ ಬರಲಿ, ದುಡ್ಡೂ ಅವಳ ಮನೆ ತಲುಪಲಿ.

ಶಿರಸಿಯಲ್ಲಿ ಹೆಚ್ಚು ಸುತ್ತಲಿಲ್ಲ. ಮಾರಿಕಾಂಬೆಗೆ ಕೈಮುಗಿದು, ಅಡಿಕೆ ತೋಟದ ನಡುವಿನ ಒಂದು ಹವ್ಯಕರ ಮನೆಗೆ ಹೋದೆ. ಕಪಾಟಿನಲ್ಲಿ ಜಾನಪದ ಸಂಗ್ರಹಗಳಿದ್ದವು. ಕುಮಟೆಯಲ್ಲಿದ್ದ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕ ಇಂಥವರು ಊರೂರು ಅಲೆದು ಬರೆದುಕೊಳ್ಳದಿದ್ದರೆ ಈ ಜಿಲ್ಲೆಯ ಎಷ್ಟೋ ಪದಗಳು ಮಣ್ಣಾಗುತ್ತಿದ್ದವು. ಪುಸ್ತಕದಲ್ಲಿ ಮಾತು ಉಳಿದಿದೆ, ಧಾಟಿ ಅಜ್ಜಿಯಂದಿರ ಗಂಟಲಲ್ಲಿದೆ. ಆ ಮನೆಯ ಸೊಸೆ ತನ್ನ ಮೊಬೈಲ್ ತೆಗೆದು ಒಂದು ವಾಟ್ಸ್‌ಆ್ಯಪ್ ಗುಂಪು ತೋರಿಸಿದಳು. ಬೆಂಗಳೂರಿನಲ್ಲಿರುವ ಮೊಮ್ಮಗಳು ಮದುವೆ ಹಾಡಿನ ಒಂದು ಸೊಲ್ಲನ್ನು ಹಾಡಿ ಕಳಿಸುತ್ತಾಳೆ. ಸಿದ್ದಾಪುರದ ದೊಡ್ಡಮ್ಮ ಅದನ್ನೇ ತಿದ್ದಿ ಮರುಹೇಳುತ್ತಾಳೆ. ಇನ್ನೊಂದು ಊರಿನ ಅತ್ತೆ ಮುಂದಿನದನ್ನು ಎತ್ತುತ್ತಾಳೆ. ದೊಡ್ಡಮ್ಮನ ಒಂದು ಸಂದೇಶದಲ್ಲಿ ಹಿಂದಿನಿಂದ ಕುಕ್ಕರಿನ ಸೀಟಿ ಕೇಳುತ್ತದೆ, ಅದನ್ನು ಯಾರೂ ಅಳಿಸಿಲ್ಲ.

"ಆನು ಹಾಡ್ತಿ, ಕೂಸು ಕಲ್ತುಕತ್ತು," ಎಂದು ಒಳಗಿನಿಂದ ಆ ಸೊಸೆಯ ಅತ್ತೆ ಹೇಳಿದರು. ವೈಶಾಖದಲ್ಲಿ ಆ ಮೊಮ್ಮಗಳ ಮದುವೆಯಂತೆ. ಹಸೆಗೆ ಕರೆಯುವುದರಿಂದ ಹಿಡಿದು ಹೆಣ್ಣೊಪ್ಪಿಸುವವರೆಗಿನ ಹಾಡುಗಳಲ್ಲಿ ಅವರಿಗೆ ಸಿಗದೆ ಉಳಿದಿರುವುದು ಎಣ್ಣೆ ಹಚ್ಚುವ ಹೊತ್ತಿನದು ಮಾತ್ರ. ಅದು ಯಾರಿಗೆ ಬರುತ್ತದೆ ಎಂದು ಸಾಗರದ ಕಡೆಯ ನೆಂಟರಲ್ಲಿ ವಿಚಾರಿಸುತ್ತಿದ್ದಾರೆ.